ಈ ಮನೆ ಗಾಳಿ ನನಗೆ ಒಗ್ಗವಲ್ದು



ಇವತ್ತಿನ ವಿಷಯ ಧೂಳು, ಬೂಷ್ಟು, ಹೊಗೆ, ಪಾರಿವಾಳ. "ಹೃದಯದ ಡಾಕ್ಟರಿಗೆ ಇದೆಲ್ಲ ಯಾಕೆ?" ಎಂದು ನೀವು ಕೇಳಬಹುದು. ಎರಡು ಕಾರಣಗಳಿವೆ. ಒಂದು, ಮನೆಯೊಳಗಿನ ಕೆಟ್ಟ ಗಾಳಿ ಶ್ವಾಸಕೋಶಕ್ಕಷ್ಟೇ ಅಲ್ಲ, ಹೃದಯಕ್ಕೂ ಪೆಟ್ಟು ಕೊಡುತ್ತದೆ. ಇನ್ನೊಂದು, ನನ್ನ ಸ್ವಂತ ಮನೆಯಲ್ಲೇ ನಾನು ಇದನ್ನು ಗುರುತಿಸದೆ ಎರಡು ತಿಂಗಳು ಕಳೆದೆ. ಮೊದಲು ಅದನ್ನೇ ಹೇಳಿಬಿಡುತ್ತೇನೆ. ನೀವು ಅದೇ ತಪ್ಪು ಮಾಡುವುದು ಬೇಡ.

*ಅವ್ವನ ಕೆಮ್ಮು*

ಧಾರವಾಡದಿಂದ ನಮ್ಮವ್ವ ಜೂನ್‌ನಲ್ಲಿ ಠಾಣೆಯ ನಮ್ಮ ಫ್ಲ್ಯಾಟಿಗೆ ಬಂದಳು. ವಯಸ್ಸು 71. ಬಿಪಿ ಇದೆ, ಸಕ್ಕರೆ ಕಾಯಿಲೆ ಇಲ್ಲ. ಬಂದ ಮೂರು ವಾರಕ್ಕೆ ರಾತ್ರಿ ಕೆಮ್ಮು ಶುರುವಾಯಿತು. ಬೆಳಗಿನ ಜಾವ ಎದ್ದು ಕೂತು ಏದುಸಿರು ಬಿಡುತ್ತಿದ್ದಳು.

ನಾನು ಹೃದಯದ ಡಾಕ್ಟರು, ನನ್ನ ತಲೆ ಓಡಿದ್ದೂ ಹೃದಯದ ಕಡೆಗೇ. ಇಸಿಜಿ ಮಾಡಿಸಿದೆ, ಎಕೋ ಮಾಡಿಸಿದೆ, ರಕ್ತ ಪರೀಕ್ಷೆ ಮಾಡಿಸಿದೆ. ಎಲ್ಲ ಸರಿ ಇತ್ತು. ಅವಳು ತೆಗೆದುಕೊಳ್ಳುತ್ತಿದ್ದ ರಾಮಿಪ್ರಿಲ್ ಮಾತ್ರೆಯಿಂದ ಕೆಲವರಿಗೆ ಒಣಕೆಮ್ಮು ಬರುತ್ತದೆ. ಹಾಗಾಗಿ ಅದನ್ನು ಬದಲಿಸಿದೆ. ನಾಲ್ಕು ವಾರ ಕಾದರೂ ಕೆಮ್ಮು ಹೋಗಲಿಲ್ಲ.

ಅವ್ವ ಮೊದಲ ದಿನದಿಂದ ಒಂದೇ ಮಾತು ಹೇಳುತ್ತಿದ್ದಳು: "ಈ ಮನೆ ಗಾಳಿ ನನಗೆ ಒಗ್ಗವಲ್ದೋ ತಮ್ಮಾ." ನಾವು ಅದನ್ನು ಊರಿನ ನೆನಪು ಎಂದುಕೊಂಡೆವು. ಅಂಗಳ ಇಲ್ಲ, ಮಾತಾಡಲು ಜನ ಇಲ್ಲ, ಭಾಷೆ ಬೇರೆ, ಅದಕ್ಕೇ ಹಾಗಂತಾಳೆ ಎಂದು ಸಮಾಧಾನ ಹೇಳಿದೆವು.

ಶ್ರಾವಣದಲ್ಲಿ ಮೊಮ್ಮಗಳ ಕುಬಸಕ್ಕೆಂದು ಅವಳು ಹನ್ನೆರಡು ದಿನ ಧಾರವಾಡಕ್ಕೆ ಹೋದಳು. ಮೂರನೇ ದಿನಕ್ಕೆ ಫೋನು: "ಕೆಮ್ಮು ಹೋತು ನೋಡು." ನಾನು ನಕ್ಕು ಸುಮ್ಮನಾದೆ. ವಾಪಸ್ ಬಂದ ಎರಡನೇ ರಾತ್ರಿಗೆ ಕೆಮ್ಮು ಮತ್ತೆ ಬಂತು.

ಶ್ವಾಸಕೋಶದ ತಜ್ಞರಾದ ಸ್ನೇಹಿತರೊಬ್ಬರಿಗೆ ಇದನ್ನು ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಅಮ್ಮ ಮಲಗುವ ಕೋಣೆಯನ್ನು ಸರಿಯಾಗಿ ನೋಡಿದ್ದೀಯಾ?" ನನ್ನದೇ ಮನೆ, ನೋಡದೇ ಏನು ಎನಿಸಿತು. ಆ ಸಂಜೆ ಕಪಾಟು ಸರಿಸಿದೆ. ಗೋಡೆಯ ಮೇಲೆ ಎದೆಮಟ್ಟದಿಂದ ನೆಲದವರೆಗೆ ಕಪ್ಪು ಬೂಷ್ಟು ಹಬ್ಬಿತ್ತು. ಗೋಡೆಯ ಆಚೆ ಬದಿಗೆ ಸ್ನಾನದ ಮನೆಯ ಪೈಪು ಜಿನುಗುತ್ತಿತ್ತು. ಅವ್ವನ ತಲೆದಿಂಬಿನಿಂದ ಆ ಗೋಡೆಗೆ ಎರಡು ಅಡಿ ಅಷ್ಟೆ. ಸಾಲದ್ದಕ್ಕೆ, ಆರು ವರ್ಷ ಅಟ್ಟದ ಮೇಲಿನ ಟ್ರಂಕಿನಲ್ಲಿದ್ದ ಕೌದಿಯನ್ನು, ಅವಳಿಗೆ ಇಷ್ಟ ಎಂದು ನಾನೇ ಪ್ರೀತಿಯಿಂದ ತೆಗೆದು ಹೊದಿಸಿದ್ದೆ. ಬಿಸಿಲು ಕಾಣದ ಕೌದಿ ಅದು.

ಅವ್ವ ಸತ್ಯವನ್ನೇ ಹೇಳಿದ್ದಳು. ಮನೆ ಗಾಳಿ ಒಗ್ಗಿರಲಿಲ್ಲ. ನಾವು ಅದನ್ನು ಮನಸ್ಸಿನ ಮಾತು ಎಂದುಕೊಂಡೆವು, ಅವಳು ಎದೆಯ ಮಾತು ಹೇಳುತ್ತಿದ್ದಳು.

ಊರಿಂದ ಬಂದ ಹಿರಿಯರು ನಿಮ್ಮ ಮನೆಯಲ್ಲೂ ಹೀಗೆ ಹೇಳಿದರೆ ದಯವಿಟ್ಟು ಒಮ್ಮೆ ಕಪಾಟು ಸರಿಸಿ ನೋಡಿ.

*ಮೊದಲ ಪರೀಕ್ಷೆಗೆ ಖರ್ಚಿಲ್ಲ*

ಒಂದು ಹಳೆ ನೋಟ್‌ಬುಕ್ ತೆಗೆದುಕೊಳ್ಳಿ. ಎರಡು ವಾರ ಇಷ್ಟು ಬರೆಯಿರಿ:

1. ಕೆಮ್ಮು, ಸೀನು, ಮೂಗು ಕಟ್ಟುವುದು, ಕಣ್ಣು ತುರಿಕೆ ಅಥವಾ ಏದುಸಿರು ಯಾವ ಹೊತ್ತಿಗೆ ಬರುತ್ತದೆ?
2. ಆಗ ಯಾವ ಕೋಣೆಯಲ್ಲಿದ್ದಿರಿ?
3. ಸ್ವಲ್ಪ ಮೊದಲು ಏನಾಯಿತು? ಕಸ ಗುಡಿಸಿದ್ದು, ಒಗ್ಗರಣೆ, ಪೂಜೆ, ಸೊಳ್ಳೆ ಬತ್ತಿ, ಎಸಿ ಹಾಕಿದ್ದು?
4. ಊರಿಗೆ ಅಥವಾ ಬೇರೆಯವರ ಮನೆಗೆ ಹೋದಾಗ ಕಡಿಮೆಯಾಯಿತೇ?

ನಾಲ್ಕನೆಯ ಪ್ರಶ್ನೆಗೆ ಉತ್ತರ "ಹೌದು" ಎಂದಾದರೆ ಕಾರಣ ಮನೆಯೊಳಗೇ ಇರುವ ಸಾಧ್ಯತೆ ಹೆಚ್ಚು. ಈ ಪುಸ್ತಕವನ್ನು ಡಾಕ್ಟರಿಗೆ ತೋರಿಸಿ. ಹತ್ತು ಪರೀಕ್ಷೆ ಹೇಳದ್ದನ್ನು ಕೆಲವೊಮ್ಮೆ ಇದು ಹೇಳುತ್ತದೆ.

*ಹೃದಯದ್ದೋ, ಶ್ವಾಸಕೋಶದ್ದೋ?*

ಮನೆ ಶುಚಿ ಮಾಡುವ ಮೊದಲು ಇದನ್ನು ತಿಳಿದುಕೊಳ್ಳಿ. ಎಲ್ಲ ಏದುಸಿರೂ ಅಲರ್ಜಿಯಲ್ಲ.

ಮಲಗಿದ ಒಂದೆರಡು ಗಂಟೆಗೆ ಉಸಿರು ಕಟ್ಟಿ ಎಚ್ಚರವಾಗುವುದು, ಎದ್ದು ಕೂತರೆ ಹಗುರವಾಗುವುದು, ಎರಡು ಮೂರು ದಿಂಬು ಬೇಕಾಗುವುದು, ಸಂಜೆಗೆ ಪಾದ ಊದುವುದು, ಎರಡು ಮೂರು ದಿನದಲ್ಲಿ ತೂಕ ಎರಡು ಕೆಜಿ ಏರುವುದು. ಇವು ಹೃದಯ ಸೋಲುತ್ತಿರುವುದರ ಲಕ್ಷಣಗಳಾಗಿರಬಹುದು. ಮೆಟ್ಟಿಲು ಹತ್ತುವಾಗ ಎದೆ ಬಿಗಿದು, ನಿಂತರೆ ಕಡಿಮೆಯಾದರೂ ಹೃದಯದ ಪರೀಕ್ಷೆ ಬೇಕು.

ಸೀನು, ಕಣ್ಣು ಮೂಗಿನ ತುರಿಕೆ, ಎದೆಯಲ್ಲಿ ಸುಂಯ್ ಎನ್ನುವ ಶಬ್ದ, ಧೂಳು ಹೊಗೆಗೆ ತಕ್ಷಣ ಹೆಚ್ಚಾಗುವುದು. ಇವು ಅಲರ್ಜಿ ಮತ್ತು ಆಸ್ತಮಾದ ಕಡೆಗೆ ಬೆರಳು ತೋರಿಸುತ್ತವೆ. ಆದರೆ ಹೃದಯ ಸೋತಾಗಲೂ ಎದೆಯಲ್ಲಿ ಸುಂಯ್ ಎನ್ನಬಹುದು. ಅರವತ್ತು ದಾಟಿದವರಲ್ಲಿ ಎರಡೂ ಒಟ್ಟಿಗೇ ಇರಬಹುದು. ಹಾಗಾಗಿ ನೀವೇ ತೀರ್ಮಾನ ಮಾಡಬೇಡಿ. ಇಸಿಜಿ, ಎಕೋ ಜೊತೆಗೆ ಊದಿ ನೋಡುವ ಸ್ಪೈರೋಮೆಟ್ರಿ ಪರೀಕ್ಷೆಯನ್ನೂ ಕೇಳಿ ಮಾಡಿಸಿಕೊಳ್ಳಿ. ನಮ್ಮವ್ವನಿಗೆ ನಾನು ಅದನ್ನೇ ಮರೆತಿದ್ದೆ.

ಎದೆ ಮೇಲೆ ಭಾರ, ದವಡೆಗೆ ಅಥವಾ ತೋಳಿಗೆ ಹರಿಯುವ ನೋವು, ತಣ್ಣನೆ ಬೆವರು, ಒಂದು ವಾಕ್ಯ ಪೂರ್ತಿ ಮಾತಾಡಲಾಗದ ಏದುಸಿರು, ನೀಲಿಗಟ್ಟಿದ ತುಟಿ ಕಂಡರೆ ಈ ಲೇಖನ ಬದಿಗಿಟ್ಟು ಕೂಡಲೇ ಆಸ್ಪತ್ರೆಗೆ ಹೋಗಿ. ದೇಶದ ಎಲ್ಲ ಕಡೆ ತುರ್ತು ನಂಬರು 112.

*ಮನೆಯೊಳಗೆ ಯಾರು ಯಾರಿದ್ದಾರೆ?*

*1. ಹಾಸಿಗೆಯ ನುಸಿ.* ಡಸ್ಟ್ ಮೈಟ್ ಎನ್ನುವ ಇವು ಒಂದು ಮಿಲಿಮೀಟರಿನ ಮೂರರಲ್ಲೊಂದು ಭಾಗವೂ ಇಲ್ಲ. ಕಣ್ಣಿಗೆ ಕಾಣುವುದಿಲ್ಲ, ಕಚ್ಚುವುದೂ ಇಲ್ಲ. ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟೇ ಅವುಗಳ ಊಟ. ಗಾದಿ, ದಿಂಬು, ಕೌದಿ, ಸೋಫಾ, ಮಕ್ಕಳ ಬಟ್ಟೆ ಗೊಂಬೆ ಅವುಗಳ ಮನೆ. ತೊಂದರೆ ಕೊಡುವುದು ಮುಖ್ಯವಾಗಿ ಅವುಗಳ ಹಿಕ್ಕೆ. ಅವು ನೀರು ಕುಡಿಯುವುದಿಲ್ಲ, ಗಾಳಿಯ ತೇವವನ್ನೇ ಹೀರಿ ಬದುಕುತ್ತವೆ. ಹಾಗಾಗಿ ಒಣ ಕೋಣೆಯಲ್ಲಿ ಕಡಿಮೆಯಾಗುತ್ತವೆ. ಮುಂಬಯಿ, ಚೆನ್ನೈಯಂಥ ಕಡಲತೀರದ ಊರು ಅವಕ್ಕೆ ಸ್ವರ್ಗ.

ಏನು ಮಾಡಬೇಕು? ಚಾದರ, ದಿಂಬಿನ ಕವರು ವಾರಕ್ಕೊಮ್ಮೆ 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯಿರಿ. ವಾಷಿಂಗ್ ಮೆಷಿನ್ನಿನಲ್ಲಿ ಬಿಸಿನೀರಿನ ಸೆಟ್ಟಿಂಗ್ ಇಲ್ಲದಿದ್ದರೆ, ಕುದಿಯುವ ನೀರಿಗೆ ಅಷ್ಟೇ ತಣ್ಣೀರು ಬೆರೆಸಿದರೆ ಸುಮಾರು ಅಷ್ಟಾಗುತ್ತದೆ. ಅದರಲ್ಲಿ ನೆನೆಹಾಕಿ ಆಮೇಲೆ ಒಗೆಯಿರಿ, ಕೈ ಸುಟ್ಟುಕೊಳ್ಳಬೇಡಿ. ಗಾದಿ, ದಿಂಬುಗಳಿಗೆ ಜಿಪ್ ಇರುವ ಒತ್ತು ನೇಯ್ಗೆಯ ಕವರು ಹಾಕಿ. ಕೌದಿ, ರಜಾಯಿಗಳನ್ನು ಬಿಸಿಲಲ್ಲಿ ಖಡಕ್ಕಾಗಿ ಒಣಗಿಸಿ, ಚೆನ್ನಾಗಿ ಝಾಡಿಸಿ. ಅಲರ್ಜಿ ಇರುವವರು ಆ ಕೆಲಸ ಮಾಡಬಾರದು.

*2. ಬೂಷ್ಟು.* ಗೋಡೆ ಹಸಿ ಇರುವಲ್ಲೆಲ್ಲ ಬರುತ್ತದೆ: ಕಪಾಟಿನ ಹಿಂದೆ, ಸಿಂಕಿನ ಕೆಳಗೆ, ಎಸಿಯ ನೀರು ತೊಟ್ಟಿಕ್ಕುವಲ್ಲಿ, ಕಿಟಕಿ ಚೌಕಟ್ಟಿನ ಮೂಲೆಯಲ್ಲಿ. ಮುಗ್ಗಲು ವಾಸನೆ ಬಂದರೆ ಕಣ್ಣಿಗೆ ಕಾಣದಿದ್ದರೂ ಎಲ್ಲೋ ಇದೆ ಎಂದೇ ಅರ್ಥ. ಬಹಳ ಜನ ಮಾಡುವ ತಪ್ಪು ಅದರ ಮೇಲೆ ಬಣ್ಣ ಬಳಿಸುವುದು. ನೀರು ನಿಲ್ಲಿಸದೆ ಬಣ್ಣ ಬಳಿದರೆ ಮುಂದಿನ ಮಳೆಗಾಲಕ್ಕೆ ಮತ್ತೆ ಹಾಜರು. ಮೊದಲು ಪೈಪು, ಬಿರುಕು, ತಾರಸಿ ಸರಿಮಾಡಿಸಿ. ಬಾಡಿಗೆ ಮನೆಯಾದರೆ ಫೋಟೋ ತೆಗೆದು ಮನೆ ಮಾಲೀಕರಿಗೂ ಸೊಸೈಟಿಗೂ ಬರವಣಿಗೆಯಲ್ಲೇ ಕೊಡಿ. ಆಮೇಲೆ ಮಾಸ್ಕ್, ಕೈಗವಸು ಹಾಕಿಕೊಂಡು ಸಾಬೂನು ನೀರಿನಲ್ಲಿ ಉಜ್ಜಿ ಒಣಗಿಸಿ. ಬ್ಲೀಚಿಂಗ್ ದ್ರಾವಣವನ್ನು ಟಾಯ್ಲೆಟ್ ಕ್ಲೀನರ್ ಆ್ಯಸಿಡ್ ಜೊತೆ ಎಂದಿಗೂ ಬೆರೆಸಬೇಡಿ, ವಿಷಕಾರಿ ಕ್ಲೋರಿನ್ ಗಾಳಿ ಏಳುತ್ತದೆ. ಕಪಾಟು, ಮಂಚಗಳನ್ನು ಹೊರಗೋಡೆಯಿಂದ ಒಂದು ಗೇಣು ದೂರ ಇಡಿ.

ಕೆಲವು ನೂರು ರೂಪಾಯಿಗೆ ತೇವಾಂಶ ತೋರಿಸುವ ಸಣ್ಣ ಮೀಟರು ಸಿಗುತ್ತದೆ. ಕೋಣೆಯಲ್ಲಿ 50% ಒಳಗಿದ್ದರೆ ಉತ್ತಮ. ಮುಂಬಯಿಯ ಮಳೆಗಾಲದಲ್ಲಿ ಅದು ಕಷ್ಟ. ಎಸಿಯ ಡ್ರೈ ಮೋಡ್ ಹಾಕಿ 60% ಒಳಗೆ ತಂದರೂ ಲಾಭವೇ. ಒದ್ದೆ ಬಟ್ಟೆಯನ್ನು ಮಲಗುವ ಕೋಣೆಯಲ್ಲಿ ಹರವಬೇಡಿ.

*3. ಜಿರಲೆ.* ಅದರ ಹಿಕ್ಕೆ, ಎಂಜಲು, ಒಣಗಿದ ಮೈ ಎಲ್ಲವೂ ಆಸ್ತಮಾ ಕೆರಳಿಸುತ್ತವೆ. ರಾತ್ರಿ ಮುಸುರೆ ಪಾತ್ರೆ ಬಿಡಬೇಡಿ, ಕಸದ ಬುಟ್ಟಿ ಮುಚ್ಚಿ, ಸಿಂಕಿನ ಜಾಲರಿ ಹಾಕಿ. ಸ್ಪ್ರೇ ಹೊಡೆದರೆ ಜಿರಲೆಯ ಜೊತೆ ಆಸ್ತಮಾ ಇರುವವರ ಉಸಿರೂ ಕಟ್ಟುತ್ತದೆ. ಮೂಲೆಗಳಲ್ಲಿ ಚುಕ್ಕಿ ಇಡುವ ಜೆಲ್ ವಾಸಿ.

*4. ಪಾರಿವಾಳ.* ಮುಂಬಯಿ, ಪುಣೆಯವರಿಗೆ ಹೇಳಬೇಕಾಗಿಯೇ ಇಲ್ಲ. 2025ರಲ್ಲಿ ದಾದರಿನ ಕಬೂತರ್‌ಖಾನಾ ಮುಚ್ಚಿದಾಗ ಎದ್ದ ಗದ್ದಲ ನಿಮಗೆ ನೆನಪಿರಬಹುದು. ವಾದ ವಿವಾದ ಏನೇ ಇರಲಿ, ವೈದ್ಯಕೀಯವಾಗಿ ವಿಷಯ ಸ್ಪಷ್ಟ: ಪಾರಿವಾಳದ ಒಣ ಹಿಕ್ಕೆ ಮತ್ತು ಗರಿಯ ಪುಡಿಯನ್ನು ದಿನವೂ ಉಸಿರಾಡುವ ಕೆಲವರಿಗೆ ಹೈಪರ್‌ಸೆನ್ಸಿಟಿವಿಟಿ ನ್ಯುಮೋನೈಟಿಸ್ ಎಂಬ ಕಾಯಿಲೆ ಬರುತ್ತದೆ. ಬೇಗ ಗುರುತಿಸಿ ದೂರವಿಟ್ಟರೆ ಸುಧಾರಿಸುತ್ತದೆ. ತಡವಾದರೆ ಶ್ವಾಸಕೋಶ ಗಟ್ಟಿಯಾಗಿ ಮತ್ತೆ ಮೊದಲಿನಂತಾಗುವುದಿಲ್ಲ. ಬಾಲ್ಕನಿಗೆ, ಎಸಿ ಡಬ್ಬದ ಜಾಗಕ್ಕೆ ಬಲೆ ಹಾಕಿಸಿ. ಹಿಕ್ಕೆಯನ್ನು ಒಣಗಿದ್ದಾಗ ಗುಡಿಸಬೇಡಿ. ನೀರು ಚಿಮುಕಿಸಿ, ಎನ್-95 ಮಾಸ್ಕ್ ಹಾಕಿಕೊಂಡು ಒರೆಸಿ ತೆಗೆಯಿರಿ.

*5. ಏರ್ ಕೂಲರ್.* ದೆಹಲಿ, ಹೈದರಾಬಾದಿನವರು ಇದನ್ನು ಎರಡು ಸಲ ಓದಿ. ಶ್ವಾಸಕೋಶ ಗಟ್ಟಿಯಾಗುವ ಕಾಯಿಲೆಗಳ ಭಾರತೀಯ ನೋಂದಣಿಯೊಂದು 2017ರಲ್ಲಿ ಪ್ರಕಟವಾಯಿತು. 19 ನಗರಗಳ 27 ಕೇಂದ್ರಗಳ 1,084 ರೋಗಿಗಳು ಅದರಲ್ಲಿದ್ದರು. ಅವರಲ್ಲಿ 47.3% ಜನಕ್ಕೆ ಇದ್ದದ್ದು ಮೇಲೆ ಹೇಳಿದ ಅದೇ ನ್ಯುಮೋನೈಟಿಸ್. ಈ ಗುಂಪಿನ ಸುಮಾರು ಅರ್ಧದಷ್ಟು ಮಂದಿ ಏರ್ ಕೂಲರಿನ ಗಾಳಿಗೆ ಒಡ್ಡಿಕೊಂಡವರು. ನಿಂತ ನೀರು, ಒದ್ದೆ ಹುಲ್ಲಿನ ಪ್ಯಾಡು, ಅದರಲ್ಲಿ ಬೆಳೆದ ಬೂಷ್ಟು, ಅದನ್ನೇ ಮುಖಕ್ಕೆ ಬೀಸುವ ಫ್ಯಾನು. ಕೂಲರ್ ಬಿಡಿ ಎನ್ನುತ್ತಿಲ್ಲ. ಪ್ರತಿ ಬೇಸಿಗೆಗೆ ಹೊಸ ಪ್ಯಾಡು ಹಾಕಿ, ವಾರಕ್ಕೊಮ್ಮೆ ನೀರು ಪೂರ್ತಿ ಖಾಲಿ ಮಾಡಿ ಟ್ಯಾಂಕು ಉಜ್ಜಿ ಒಣಗಿಸಿ, ಸೀಸನ್ ಮುಗಿದ ಮೇಲೆ ಒದ್ದೆ ಇಟ್ಟು ಮುಚ್ಚಬೇಡಿ. ಎಸಿ ಇರುವವರು ಎರಡು ವಾರಕ್ಕೊಮ್ಮೆ ಅದರ ಜಾಲರಿ ತೊಳೆಯಿರಿ.

*ಹೊಗೆ ಮತ್ತು ಹೃದಯ*

ಇಲ್ಲಿಯವರೆಗೆ ಹೇಳಿದ್ದು ಅಲರ್ಜಿ. ಇನ್ನು ನನ್ನ ವಿಭಾಗ.

ಹೊಗೆಯಲ್ಲಿ ಪಿಎಂ 2.5 ಎಂಬ ಕಣಗಳಿರುತ್ತವೆ. ಅಡ್ಡಳತೆ 2.5 ಮೈಕ್ರಾನ್ ಅಥವಾ ಅದಕ್ಕೂ ಕಡಿಮೆ, ಅಂದರೆ ತಲೆಕೂದಲಿನ ದಪ್ಪದ ಇಪ್ಪತ್ತರಲ್ಲೊಂದು ಭಾಗದಷ್ಟು. ಮೂಗಿನ ಕೂದಲು ಇವನ್ನು ತಡೆಯುವುದಿಲ್ಲ. ಇವು ಶ್ವಾಸಕೋಶದ ಕೊನೆಯ ಗಾಳಿಚೀಲದವರೆಗೆ ಹೋಗಿ ಉರಿಯೂತ ಎಬ್ಬಿಸುತ್ತವೆ. ಅದರಿಂದ ರಕ್ತನಾಳಗಳು ಬಿಗಿಯುತ್ತವೆ, ಬಿಪಿ ಏರುತ್ತದೆ, ರಕ್ತ ಹೆಪ್ಪುಗಟ್ಟುವ ಗುಣ ಹೆಚ್ಚುತ್ತದೆ. ಹೃದಯಾಘಾತಕ್ಕೆ ಬೇಕಾದದ್ದು ಇಷ್ಟೇ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿಯಂತೆ ಒಂದು ಘನಮೀಟರ್ ಗಾಳಿಯಲ್ಲಿ ಇದರ ವಾರ್ಷಿಕ ಸರಾಸರಿ 5 ಮೈಕ್ರೋಗ್ರಾಂ ಮೀರಬಾರದು. ನಮ್ಮ ದೇಶದ ಮಿತಿ 40.

ಅದೇ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಮನೆಯೊಳಗಿನ ಹೊಗೆಯಿಂದ ಜಗತ್ತಿನಲ್ಲಿ 32 ಲಕ್ಷ ಸಾವುಗಳಾದವು. ಅದರಲ್ಲಿ 32% ಹೃದಯದ ರಕ್ತನಾಳದ ಕಾಯಿಲೆಯಿಂದ, 23% ಪಾರ್ಶ್ವವಾಯುವಿನಿಂದ. ಅರ್ಧಕ್ಕಿಂತ ಹೆಚ್ಚು ಸಾವು ಹೃದಯ ಮತ್ತು ರಕ್ತನಾಳಗಳದ್ದೇ. ಈ ಲೆಕ್ಕ ಮುಖ್ಯವಾಗಿ ಕಟ್ಟಿಗೆ, ಬೆರಣಿ, ಇದ್ದಿಲು, ಸೀಮೆಎಣ್ಣೆಯ ಒಲೆಗಳದ್ದು.

"ನಮ್ಮಲ್ಲಿ ಗ್ಯಾಸ್ ಇದೆಯಲ್ಲ" ಎನ್ನಬೇಡಿ. ನಿಮ್ಮ ತಾಯಿ, ಅತ್ತೆ ಊರಿನಲ್ಲಿ ಮೂವತ್ತು ನಲವತ್ತು ವರ್ಷ ಒಲೆ ಊದಿದವರು. ಒಂದು ಬೀಡಿ ಸೇದದಿದ್ದರೂ ಅವರ ಶ್ವಾಸಕೋಶ ಸೇದಿದವರಂತೆ ಆಗಿರಬಹುದು. ಅಂಥವರು ನಿಮ್ಮ ಫ್ಲ್ಯಾಟಿಗೆ ಬಂದಾಗ, ನಿಮಗೆ ಏನೂ ಅನ್ನಿಸದ ಸ್ವಲ್ಪ ಹೊಗೆಯೂ ಅವರಿಗೆ ಹೆಚ್ಚೇ.

*ಸೊಳ್ಳೆ ಬತ್ತಿ:* 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಒಂದು ಸುರುಳಿ ಪೂರ್ತಿ ಉರಿದಾಗ ಹೊಮ್ಮುವ ಸೂಕ್ಷ್ಮ ಕಣಗಳ ಪ್ರಮಾಣ 75ರಿಂದ 137 ಸಿಗರೇಟಿಗೆ ಸಮ ಎಂದು ಕಂಡುಬಂತು. ಮುಚ್ಚಿದ ಕೋಣೆಯಲ್ಲಿ ಮಗುವಿನ ಪಕ್ಕ ಅದನ್ನು ಹಚ್ಚಿಡುತ್ತೇವೆ. ಕಿಟಕಿಗೆ ಜಾಲರಿ, ಮಂಚಕ್ಕೆ ಸೊಳ್ಳೆ ಪರದೆ ಹಾಕಿ. ನಮ್ಮ ಅಜ್ಜಂದಿರ ಪದ್ಧತಿ ಅದು, ಈಗಲೂ ಅದೇ ಉತ್ತಮ.

*ಒಗ್ಗರಣೆ:* ಒಲೆ ಹಚ್ಚುವ ಮೊದಲೇ ಎಕ್ಸಾಸ್ಟ್ ಫ್ಯಾನ್ ಅಥವಾ ಚಿಮಣಿ ಹಾಕಿ, ಅಡುಗೆ ಮುಗಿದ ಮೇಲೂ ಹತ್ತು ನಿಮಿಷ ಓಡಲಿ. ಕರಿಯುವಾಗ, ಮೆಣಸಿನಕಾಯಿ ಹುರಿಯುವಾಗ ಅಡುಗೆಮನೆ ಬಾಗಿಲು ಮುಚ್ಚಿ ಕಿಟಕಿ ತೆರೆಯಿರಿ. ಹೊಗೆಯನ್ನು ಹೊರಗೆ ಬಿಡದೆ ಒಳಗೇ ತಿರುಗಿಸುವ ಚಿಮಣಿ ಇದ್ದರೆ ಕಿಟಕಿ ತೆರೆಯುವುದು ಕಡ್ಡಾಯ.

*ಗ್ಯಾಸ್ ಗೀಸರ್ ಮತ್ತು ಇದ್ದಿಲು:* ಇದು ಜೀವದ ಪ್ರಶ್ನೆ. ಗಾಳಿಯಾಡದ ಬಚ್ಚಲಲ್ಲಿ ಗ್ಯಾಸ್ ಗೀಸರ್, ದೆಹಲಿಯ ಚಳಿಯಲ್ಲಿ ಮುಚ್ಚಿದ ಕೋಣೆಯೊಳಗೆ ಇದ್ದಿಲಿನ ಅಗ್ಗಿಷ್ಟಿಕೆ ಎರಡೂ ಕಾರ್ಬನ್ ಮೊನಾಕ್ಸೈಡ್ ಹುಟ್ಟಿಸುತ್ತವೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ರಕ್ತಕ್ಕೆ ಅಂಟಿಕೊಳ್ಳುತ್ತದೆ. ತಲೆನೋವು, ತಲೆಸುತ್ತು, ಆಮೇಲೆ ಎಚ್ಚರವೇ ಇರುವುದಿಲ್ಲ. ಗ್ಯಾಸ್ ಗೀಸರನ್ನು ಬಚ್ಚಲಿನ ಹೊರಗೆ ಹಾಕಿಸಿ. ಅಗ್ಗಿಷ್ಟಿಕೆ ಇಟ್ಟುಕೊಂಡು ಮಲಗಲೇಬೇಡಿ.

*ದೇವರ ಮುಂದಿನ ಊದಿನಕಡ್ಡಿ*

ಇದನ್ನು ಬರೆಯುವಾಗ ನನಗೂ ಅಳುಕು. ಒಂದು ಗ್ರಾಂ ಸಿಗರೇಟು ಉರಿದರೆ ಸುಮಾರು 10 ಮಿಲಿಗ್ರಾಂ ಕಣಗಳು ಹೊರಬಿದ್ದರೆ, ಒಂದು ಗ್ರಾಂ ಊದಿನಕಡ್ಡಿಯಿಂದ 45 ಮಿಲಿಗ್ರಾಂ ಹೊರಬೀಳುತ್ತವೆ ಎಂದು ಅಧ್ಯಯನಗಳು ಹೇಳುತ್ತವೆ. ಊರಿನ ಮನೆಗೆ ಗವಾಕ್ಷಿ ಇತ್ತು, ಹಂಚಿನ ಸಂದಿಯಿತ್ತು, ಹೊಗೆ ಮೇಲೆ ಹೋಗುತ್ತಿತ್ತು. ಫ್ಲ್ಯಾಟಿನಲ್ಲಿ ದೇವರ ಗೂಡು ಇರುವುದು ಅಡುಗೆಮನೆಯ ಮೂಲೆಯಲ್ಲೋ, ಮಲಗುವ ಕೋಣೆಯ ಕಪಾಟಿನಲ್ಲೋ. ಪದ್ಧತಿ ಅದೇ, ಮನೆ ಬದಲಾಗಿದೆ.

ಅವ್ವನಿಗೆ ಇದನ್ನು ಹೇಳಲು ನನಗೆ ಮೂರು ದಿನ ಬೇಕಾಯಿತು. ಬೇಡ ಎಂದು ಹೇಳಲಿಲ್ಲ. "ಏನು ಮಾಡೋಣ ಅವ್ವಾ?" ಎಂದು ಕೇಳಿದೆ. ಅವಳೇ ದಾರಿ ತೋರಿಸಿದಳು: "ದೇವರಿಗೆ ಹೂವು ಸಾಕು, ತುಪ್ಪದ ದೀಪ ಸಾಕು. ಕಡ್ಡಿ ಹಬ್ಬಕ್ಕ ಹಚ್ಚೂಣು, ಬಾಲ್ಕನ್ಯಾಗ." ಈಗ ದಿನಾ ಒಂದು ಮೊಳ ಮಲ್ಲಿಗೆ ಬರುತ್ತದೆ, ಮನೆಗೆ ಅದೇ ಪರಿಮಳ. ನಿಮ್ಮ ಹಿರಿಯರನ್ನೂ ಹೀಗೇ ಕೇಳಿ ನೋಡಿ. ನಿಯಮ ಹೇರಿದರೆ ಮನಸ್ಸು ನೋಯುತ್ತದೆ, ಅವರನ್ನೇ ಕೇಳಿದರೆ ಉತ್ತರ ಅವರ ಬಳಿಯೇ ಇರುತ್ತದೆ. ಕರ್ಪೂರ ಮಕ್ಕಳ ಕೈಗೆ ಸಿಗದಂತೆ ಇಡಿ, ನುಂಗಿದರೆ ಫಿಟ್ಸ್ ಬರಬಹುದು.

*ಕಿಟಕಿ ಯಾವಾಗ ತೆರೆಯಬೇಕು?*

"ಕಿಟಕಿ ತೆಗೆದಿಡಿ" ಎನ್ನುವ ಸಲಹೆ ಎಲ್ಲ ಊರಿಗೂ ಒಂದೇ ಅಲ್ಲ.

ದೆಹಲಿಯಲ್ಲಿ ನವೆಂಬರಿನಿಂದ ಜನವರಿವರೆಗೆ ರಾತ್ರಿ ಮತ್ತು ಬೆಳಗ್ಗೆ ಹೊರಗಿನ ಗಾಳಿ ತೀರಾ ಕೆಟ್ಟಿರುತ್ತದೆ. ಬಿಸಿಲೇರಿದಾಗ ಕೊಳಕು ಗಾಳಿ ಮೇಲೆದ್ದು ಚದುರುತ್ತದೆ. ಹಾಗಾಗಿ ಮಧ್ಯಾಹ್ನ ಅರ್ಧ ಗಂಟೆ ತೆರೆದು, ಉಳಿದಂತೆ ಮುಚ್ಚಿಡಿ. ಬೆಳಗಿನ ವಾಕಿಂಗನ್ನೂ ಆ ದಿನಗಳಲ್ಲಿ ಮಧ್ಯಾಹ್ನಕ್ಕೆ ಹಾಕಿ. ಹೃದ್ರೋಗಿಗಳು ಇದನ್ನು ತಪ್ಪದೆ ಪಾಲಿಸಿ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮೀರ್ ಆ್ಯಪ್‌ನಲ್ಲಿ ಎಕ್ಯೂಐ ನೋಡಿ. 100ರೊಳಗಿದ್ದರೆ ಕಿಟಕಿ ತೆರೆಯಿರಿ. 200 ದಾಟಿದರೆ "ಕಳಪೆ", 300 ದಾಟಿದರೆ "ಅತಿ ಕಳಪೆ", 400 ದಾಟಿದರೆ "ತೀವ್ರ".

ಮುಂಬಯಿ, ಪುಣೆ, ಚೆನ್ನೈಗಳಲ್ಲಿ ಮಳೆಗಾಲದ ತೊಂದರೆ ಹೊಗೆಗಿಂತ ತೇವ. ಮಳೆ ಬಿಟ್ಟು ಬಿಸಿಲು ಬಂದ ಹೊತ್ತಿಗೆ ಎದುರು ಬದುರಿನ ಎರಡು ಕಿಟಕಿ ತೆರೆಯಿರಿ, ಗಾಳಿ ಹಾದು ಹೋಗಬೇಕು. ಪಕ್ಕದಲ್ಲಿ ಕಟ್ಟಡ ಕೆಲಸ ನಡೆಯುತ್ತಿದ್ದರೆ ಅದು ನಿಲ್ಲುವ ಹೊತ್ತಿಗೆ ತೆರೆಯಿರಿ.

ಒಣ ಪೊರಕೆಯಿಂದ ಗುಡಿಸಿದರೆ ಧೂಳು ನೆಲದಿಂದ ಮೂಗಿಗೆ ಬರುತ್ತದೆ ಅಷ್ಟೆ. ಮೊದಲು ಫ್ಯಾನಿನ ರೆಕ್ಕೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಆಮೇಲೆ ನೆಲವನ್ನು ಒದ್ದೆ ಬಟ್ಟೆಯಿಂದ. ಆ ಹೊತ್ತಿಗೆ ಹಿರಿಯರು, ಮಕ್ಕಳು ಬೇರೆ ಕೋಣೆಯಲ್ಲಿರಲಿ.

*ಏರ್ ಪ್ಯೂರಿಫೈಯರ್ ಬೇಕಾ?*

ದೆಹಲಿಯಲ್ಲಿದ್ದು, ಮನೆಯಲ್ಲಿ ಹೃದ್ರೋಗಿ ಅಥವಾ ಆಸ್ತಮಾ ಇರುವವರು ಇದ್ದರೆ, ಮಲಗುವ ಕೋಣೆಗೆ ಒಂದು ಇರಲಿ. ಹೆಪಾ ಫಿಲ್ಟರ್ ಇದೆಯೇ ನೋಡಿ. ಆಮೇಲೆ ಡಬ್ಬದ ಮೇಲೆ ಬರೆದಿರುವ ಸಿಎಡಿಆರ್ ಸಂಖ್ಯೆ ನೋಡಿ. ಲೆಕ್ಕ ಸುಲಭ: 12 ಅಡಿ ಉದ್ದ, 10 ಅಡಿ ಅಗಲ, 9 ಅಡಿ ಎತ್ತರದ ಕೋಣೆಯಲ್ಲಿ 1,080 ಘನ ಅಡಿ, ಅಂದರೆ ಸುಮಾರು 30 ಘನಮೀಟರ್ ಗಾಳಿ ಇರುತ್ತದೆ. ಗಂಟೆಗೆ ಐದು ಸಲ ಅದು ಶುದ್ಧವಾಗಬೇಕಾದರೆ ಸಿಎಡಿಆರ್ ಕನಿಷ್ಠ 150 ಬೇಕು. ಓಝೋನ್ ಬಿಡುವ ಯಂತ್ರ ಬೇಡ, ಅದು ಶ್ವಾಸಕೋಶಕ್ಕೆ ಉರಿ. ಪ್ಯೂರಿಫೈಯರ್ ಹಾಸಿಗೆಯ ನುಸಿಯನ್ನು, ಗೋಡೆಯ ಬೂಷ್ಟನ್ನು ತೆಗೆಯುವುದಿಲ್ಲ. ಆ ಹಣ ಮೊದಲು ಪೈಪಿನ ರಿಪೇರಿಗೆ ಹೋಗಲಿ.

"ಈ ಗಿಡ ಇಟ್ಟರೆ ಮನೆ ಗಾಳಿ ಶುದ್ಧ" ಎಂಬ ಫಾರ್ವರ್ಡ್ ನಿಮಗೂ ಬಂದಿರುತ್ತದೆ. ಅದರ ಮೂಲ 1989ರ ನಾಸಾ ಪ್ರಯೋಗ. ಅದು ನಡೆದದ್ದು ಗಾಳಿ ಹೊರಹೋಗದ ಸಣ್ಣ ಪೆಟ್ಟಿಗೆಯಲ್ಲಿ. 2019ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಮರುಲೆಕ್ಕ ಹಾಕಿದಾಗ, ಮನೆಯಲ್ಲಿ ಪರಿಣಾಮ ಕಾಣಬೇಕಾದರೆ ಪ್ರತಿ ಚದರ ಮೀಟರಿಗೆ 10ರಿಂದ 1,000 ಗಿಡ ಬೇಕೆಂದು ತಿಳಿಯಿತು. ಗಿಡ ಇಡಿ, ಕಣ್ಣಿಗೆ ತಂಪು. ಕುಂಡದಲ್ಲಿ ನೀರು ನಿಲ್ಲದಂತೆ ನೋಡಿಕೊಳ್ಳಿ, ಅಷ್ಟೇ.

*ಮಾತ್ರೆಗಳ ಬಗ್ಗೆ ನಾಲ್ಕು ಮಾತು*

- ರಾಮಿಪ್ರಿಲ್, ಎನಾಲಾಪ್ರಿಲ್ ಗುಂಪಿನ ಮಾತ್ರೆಗಳಿಂದ ಒಣಕೆಮ್ಮು ಬರಬಹುದು. ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ, ಡಾಕ್ಟರಿಗೆ ಹೇಳಿದರೆ ಬೇರೆ ಕೊಡುತ್ತಾರೆ.
- ಆಸ್ತಮಾ ಇದ್ದರೆ ಹೃದಯದ ಡಾಕ್ಟರಿಗೆ ಮೊದಲೇ ಹೇಳಿ. ಪ್ರೊಪ್ರಾನೊಲಾಲ್‌ನಂಥ ಕೆಲವು ಬೀಟಾ ಬ್ಲಾಕರ್ ಮಾತ್ರೆಗಳು ಉಸಿರನ್ನು ಬಿಗಿಸುತ್ತವೆ.
- ಮೂಗು ಕಟ್ಟಿದೆ ಎಂದು ಅಂಗಡಿಯಿಂದ ತರುವ ಎಷ್ಟೋ ನೆಗಡಿ ಮಾತ್ರೆಗಳಲ್ಲಿ ಫಿನೈಲೆಫ್ರಿನ್ ಇರುತ್ತದೆ. ಅದು ಬಿಪಿ ಏರಿಸಬಹುದು. ಬಿಪಿ, ಹೃದ್ರೋಗ ಇರುವವರು ಕೇಳದೆ ತೆಗೆದುಕೊಳ್ಳಬೇಡಿ.
- ಇನ್‌ಹೇಲರ್‌ಗೆ ಹೆದರಬೇಡಿ. ಅದು ಚಟವಾಗುವುದಿಲ್ಲ. ಸಾಲ್ಬುಟಮಾಲ್ ಎಳೆದಾಗ ಸ್ವಲ್ಪ ಹೊತ್ತು ಎದೆ ಡವಗುಟ್ಟಬಹುದು. ದಿನಕ್ಕೆ ಹಲವು ಸಲ ಬೇಕಾಗುತ್ತಿದ್ದರೆ ಕಾಯಿಲೆ ಹತೋಟಿಯಲ್ಲಿಲ್ಲ ಎಂದರ್ಥ, ಡಾಕ್ಟರನ್ನು ಕಾಣಿ.

*ಈ ಭಾನುವಾರದ ಕೆಲಸ*

ಎಲ್ಲವನ್ನೂ ಒಂದೇ ದಿನ ಮಾಡಲಾಗದು. ಈ ಐದರಿಂದ ಶುರುಮಾಡಿ:

1. ಮನೆಯ ಹಿರಿಯರು ಅಥವಾ ಮಗು ಮಲಗುವ ಕೋಣೆಯ ಕಪಾಟು, ಮಂಚ ಸರಿಸಿ ಗೋಡೆ ನೋಡಿ.
2. ಚಾದರ, ದಿಂಬಿನ ಕವರು ಬಿಸಿನೀರಿಗೆ. ಕೌದಿ, ರಜಾಯಿ ಬಿಸಿಲಿಗೆ.
3. ಎಸಿ ಜಾಲರಿ, ಫ್ಯಾನಿನ ರೆಕ್ಕೆ, ಎಕ್ಸಾಸ್ಟ್ ಫ್ಯಾನ್ ತೊಳೆಯಿರಿ.
4. ಸೊಳ್ಳೆ ಬತ್ತಿಯನ್ನು ಮನೆಯಿಂದ ಹೊರಗೆ ಹಾಕಿ, ಪರದೆ ತನ್ನಿ.
5. ಗ್ಯಾಸ್ ಗೀಸರ್ ಬಚ್ಚಲೊಳಗಿದ್ದರೆ ಇವತ್ತೇ ಮೆಕ್ಯಾನಿಕ್‌ಗೆ ಫೋನ್ ಮಾಡಿ.

ನಮ್ಮ ಮನೆಯ ಕಥೆ ಮುಗಿಸುತ್ತೇನೆ. ಪೈಪು ಸರಿಮಾಡಿಸಲು ಸೊಸೈಟಿಯ ಹಿಂದೆ ಮೂರು ವಾರ ಓಡಾಡಿದೆ. ಅಲ್ಲಿಯವರೆಗೆ ಅವ್ವ ನಮ್ಮ ಕೋಣೆಯಲ್ಲಿ ಮಲಗಿದಳು, ನಾವು ಹಾಲಿನಲ್ಲಿ. ಸ್ಪೈರೋಮೆಟ್ರಿಯಲ್ಲಿ ಆಸ್ತಮಾ ಎಂದು ತಿಳಿಯಿತು, ಇನ್‌ಹೇಲರ್ ಶುರುವಾಯಿತು. ಕೌದಿ ಬಿಸಾಡುತ್ತೇನೆಂದು ಹೆದರಿದ್ದಳು. ಅವಳ ಅವ್ವ ಹೊಲಿದದ್ದು ಅದು, ಒಂದೊಂದು ತುಂಡೂ ಯಾರ ಸೀರೆಯದ್ದು, ಯಾರ ಧೋತರದ್ದು ಎಂದು ಬಾಯಿಪಾಠ. ಬಿಸಾಡಲಿಲ್ಲ. ಬಿಸಿನೀರಿನಲ್ಲಿ ನೆನೆಸಿ ಒಗೆದು, ಈಗ ಬಿಸಿಲಿದ್ದ ಭಾನುವಾರಗಳಲ್ಲಿ ನಾನೇ ತಾರಸಿಗೆ ಒಯ್ದು ಹರವುತ್ತೇನೆ. ನೆರೆಮನೆಯ ಮರಾಠಿ ಅಜ್ಜಿ ತಮ್ಮ ಗೋಧಡಿಯನ್ನೂ ಅಲ್ಲೇ ತಂದು ಹಾಕುತ್ತಾರೆ. ಇಬ್ಬರಿಗೂ ಮಾತಾಡಲು ಜನ ಸಿಕ್ಕಂತಾಗಿದೆ.

ಹೋದ ತಿಂಗಳು ಅವ್ವನನ್ನು ಕೇಳಿದೆ, "ಈಗ ಗಾಳಿ ಒಗ್ಗೇತೇನವ್ವಾ?" "ರಾತ್ರಿ ನಿದ್ದಿ ಹತ್ತತೈತಿ ತಮ್ಮಾ" ಎಂದಳು. ಅಷ್ಟು ಸಾಕಾಯಿತು.

ಈ ಲೇಖನವನ್ನು ನಿಮ್ಮ ಮನೆಯ ಗ್ರೂಪಿಗೆ ಕಳಿಸಿ. ಅದಕ್ಕಿಂತ ಮೊದಲು ಊರಿಂದ ಬಂದಿರುವ ಅಪ್ಪ ಅಮ್ಮನ ಪಕ್ಕ ಕೂತು ಓದಿ ಹೇಳಿ. "ರಾತ್ರಿ ಉಸಿರು ಹೇಗಿರುತ್ತೆ?" ಎಂದು ಒಮ್ಮೆ ಕೇಳಿ. ಅವರು ಹೇಳುವುದನ್ನು ಪೂರ್ತಿ ಕೇಳಿಸಿಕೊಳ್ಳಿ.

ಆರೋಗ್ಯವಾಗಿರಿ. ಮುಂದಿನ ವಾರ ಮತ್ತೆ ಭೇಟಿಯಾಗೋಣ.